ಕೊಳ್ಳೇಗಾಲದ ರಸ್ತೆಗೆ ಸ್ಪೋರ್ಟ್ಸ್ ಕಾರು: ಮುಂಗಡ ಕೊಡುವ ಮೊದಲು ಒಂದಿಷ್ಟು ಲೆಕ್ಕ

ಶುಕ್ರವಾರ ರಾತ್ರಿ ಕನಕಪುರ, ಹಲಗೂರು, ಮಳವಳ್ಳಿ ದಾಟಿ ಕೊಳ್ಳೇಗಾಲದ ಕಡೆ ಬರುವ ಕಾರುಗಳಲ್ಲಿ ಬಹಳಷ್ಟು ಈ ಸೀಮೆಯ ಹುಡುಗರವೇ. ಅಪ್ಪನ ಕಾಲದಲ್ಲಿ ಮನೆಗೊಂದು ಮೊಪೆಡ್ ಬಂದರೆ ಬೀದಿಯವರೆಲ್ಲ ನೋಡಲು ಬರುತ್ತಿದ್ದರು. ಈಗ ಇಪ್ಪತ್ತೈದು ತುಂಬದ ಹುಡುಗ ಬೆಂಗಳೂರಿನಲ್ಲಿ ತಿಂಗಳಿಗೆ ಒಂದೂವರೆ ಲಕ್ಷ ಎಣಿಸುತ್ತಾನೆ. ಕೆಲವರಿಗೆ ಕಲ್ಲು ಕ್ವಾರಿಯ ಲಾಭವಿದೆ, ಕೆಲವರಿಗೆ ಗುತ್ತಿಗೆ ಕೆಲಸದ ಬಿಲ್ಲು ಒಟ್ಟಿಗೆ ಬಂದಿದೆ, ಇನ್ನು ಕೆಲವರ ಮನೆಯಲ್ಲಿ ಜಮೀನು ಮಾರಿದ ದುಡ್ಡು ಬ್ಯಾಂಕಿನಲ್ಲಿ ಕೂತಿದೆ. ಎರಡು ಬಾಗಿಲಿನ, ನೆಲಕ್ಕೆ ಅಂಟಿಕೊಂಡಂಥ ಕಾರು ಕೊಳ್ಳುವ ಆಸೆ ಹುಟ್ಟಲು ಇಷ್ಟು ಸಾಕು. ಅದರಲ್ಲಿ ತಪ್ಪೇನಿಲ್ಲ. ಐವತ್ತಾದ ಮೇಲೆ ಸೊಂಟ ಹಿಡಿದುಕೊಂಡು ಅಂಥ ಕಾರಿನೊಳಗೆ ಇಳಿಯುವುದಕ್ಕಿಂತ ವಯಸ್ಸಿರುವಾಗಲೇ ಓಡಿಸುವುದು ಚೆಂದ ಎಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಕರ್ನಾಟಕದಲ್ಲಿ, ಅದರಲ್ಲೂ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಮನೆ ಇರುವವರಿಗೆ, ಈ ಆಸೆಯ ಲೆಕ್ಕ ಬೇರೆಯೇ ಇದೆ.

ದುಡ್ಡಿನಿಂದಲೇ ಶುರು ಮಾಡೋಣ.

ಎಕ್ಸ್-ಶೋರೂಂ ಬೆಲೆ 60 ಲಕ್ಷದ ಒಂದು ಪೆಟ್ರೋಲ್ ಕಾರು ಎಂದಿಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಇಂಥ ದೊಡ್ಡ ಕಾರುಗಳಿಗೆ ಜಿಎಸ್‌ಟಿ ಶೇ 40. ಅಂದರೆ ಆ 60 ಲಕ್ಷದಲ್ಲಿ ಕಾರಿನ ಬೆಲೆ ಸುಮಾರು 43 ಲಕ್ಷ, ಉಳಿದ 17 ಲಕ್ಷ ತೆರಿಗೆ. ಇದರ ಮೇಲೆ ರಾಜ್ಯದ ಆಜೀವ ತೆರಿಗೆ ಬರುತ್ತದೆ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಎರಡೂ ಸೇರಿ ಬೆಲೆಯ ಹತ್ತಿರಹತ್ತಿರ ಶೇ 20. ದೇಶದಲ್ಲೇ ಅತಿ ಹೆಚ್ಚು ತೆರಿಗೆ ಹಾಕುವ ರಾಜ್ಯಗಳ ಸಾಲಿನಲ್ಲಿ ನಾವಿದ್ದೇವೆ. 60 ಲಕ್ಷಕ್ಕೆ ಇದು 12 ಲಕ್ಷ. ಮೊದಲ ವರ್ಷದ ವಿಮೆ ಒಂದೆರಡು ಲಕ್ಷ ಸೇರಿಸಿದರೆ ರಸ್ತೆಗೆ ಇಳಿಯುವಾಗ ಕಾರಿನ ಬೆಲೆ 74 ಲಕ್ಷ. 43 ಲಕ್ಷದ ವಸ್ತುವಿಗೆ 29 ಲಕ್ಷ ತೆರಿಗೆ. ಹತ್ತು ಲಕ್ಷ ಮೀರಿದ ಕಾರಿಗೆ ಮಾರಾಟಗಾರರು ಹಿಡಿದುಕೊಳ್ಳುವ ಶೇ 1 ಟಿಸಿಎಸ್ ಮಾತ್ರ ಆದಾಯ ತೆರಿಗೆ ವಿವರ ಸಲ್ಲಿಸುವಾಗ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. ಉಳಿದದ್ದು ಹೋದದ್ದು ಹೋಯಿತು. ನಾಳೆ ಮಾರಲು ಹೋದರೆ ಕೊಳ್ಳುವವನು ನೋಡುವುದು ಕಾರನ್ನು, ನೀವು ಕಟ್ಟಿದ ರಸೀದಿಗಳನ್ನಲ್ಲ. ಇದೂ ದೇಶದಲ್ಲೇ ಜೋಡಿಸಿದ ಕಾರಿನ ಕಥೆ. ವಿದೇಶದಿಂದ ಇಡಿಯಾಗಿ ಬರುವ ಫೆರಾರಿ, ಲ್ಯಾಂಬೋರ್ಗಿನಿಗಳ ಮೇಲೆ ಬೆಲೆಯನ್ನೇ ಮೀರುವ ಆಮದು ಸುಂಕವೂ ಬೀಳುತ್ತ ಬಂದಿದೆ.

ಈಗ ಸಾಲದ ವಿಷಯ. ಕೈಯಿಂದ 24 ಲಕ್ಷ ಹಾಕಿ 50 ಲಕ್ಷ ಸಾಲ ಪಡೆದರೆ, ಶೇ 9.5 ಬಡ್ಡಿಗೆ ಏಳು ವರ್ಷದ ಕಂತು ತಿಂಗಳಿಗೆ ಸುಮಾರು 81,700 ರೂಪಾಯಿ. ಏಳು ವರ್ಷದಲ್ಲಿ ಬ್ಯಾಂಕಿಗೆ ಹೋಗುವುದು 68 ಲಕ್ಷದ 60 ಸಾವಿರದಷ್ಟು. ಅದೇ ಕಂತನ್ನು ಶೇ 7 ಬಡ್ಡಿಯ ಆರ್‌ಡಿಗೆ ಏಳು ವರ್ಷ ಕಟ್ಟಿದ್ದರೆ, ಬಡ್ಡಿ ಮೇಲಿನ ತೆರಿಗೆ ಕಳೆಯುವ ಮೊದಲು, 88 ಲಕ್ಷ ಆಗುತ್ತಿತ್ತು. ಷೇರು, ಮ್ಯೂಚುವಲ್ ಫಂಡ್ ಮಾತು ಬೇಡವೇ ಬೇಡ. ಬರೀ ಬ್ಯಾಂಕಿನ ಆರ್‌ಡಿ.

ಜನ ಕೇಳಲು ಮರೆಯುವ ಪ್ರಶ್ನೆ ಇನ್ನೊಂದಿದೆ: ಮಧ್ಯದಲ್ಲಿ ಕಾರು ಪೂರ್ತಿ ಜಖಂ ಆದರೆ? ವಿಮಾ ಕಂಪನಿ ಲೆಕ್ಕ ಹಾಕುವುದು ಐಡಿವಿ, ಅಂದರೆ ವಿಮೆಗೆ ಘೋಷಿಸಿದ ಬೆಲೆಯ ಮೇಲೆ. ನಿಗದಿತ ಕೋಷ್ಟಕದ ಪ್ರಕಾರ ಮೊದಲ ಆರು ತಿಂಗಳಿಗೆ ಶೇ 5, ಒಂದು ವರ್ಷದೊಳಗೆ ಶೇ 15, ಎರಡನೇ ವರ್ಷ ಶೇ 20, ಮೂರನೇ ವರ್ಷ ಶೇ 30, ನಾಲ್ಕನೇ ವರ್ಷ ಶೇ 40, ಐದನೇ ವರ್ಷ ಶೇ 50 ಸವಕಳಿ. ಅದೂ ಎಕ್ಸ್-ಶೋರೂಂ ಬೆಲೆಯ ಮೇಲೆ; ಆಜೀವ ತೆರಿಗೆ ಆ ಲೆಕ್ಕಕ್ಕೇ ಬರುವುದಿಲ್ಲ. ನಮ್ಮ 60 ಲಕ್ಷದ ಕಾರು ಮೂರೂವರೆ ವರ್ಷಕ್ಕೆ ಲಾರಿಗೆ ಗುದ್ದಿ ಹೋಯಿತು ಅನ್ನಿ. ಸಿಗುವುದು 36 ಲಕ್ಷ. ಅಷ್ಟು ಹೊತ್ತಿಗೆ ಸಾಲದಲ್ಲಿ ಇನ್ನೂ 29 ಲಕ್ಷ ಬಾಕಿ ಇರುತ್ತದೆ, ಅದನ್ನು ಬ್ಯಾಂಕ್ ಮೊದಲು ಹಿಡಿದುಕೊಳ್ಳುತ್ತದೆ. ನಿಮ್ಮ ಕೈಗೆ ಬರುವುದು 7 ಲಕ್ಷ. ನೀವು ಹಾಕಿದ್ದು ಮುಂಗಡ 24 ಲಕ್ಷ, ಕಂತುಗಳಲ್ಲಿ 34 ಲಕ್ಷ. ಕೊಂಡ ಬಿಲ್ಲಿನ ಬೆಲೆಯನ್ನೇ ಕೊಡುವ 'ರಿಟರ್ನ್ ಟು ಇನ್‌ವಾಯ್ಸ್' ಎಂಬ ಹೆಚ್ಚುವರಿ ವಿಮೆ ಇರುವುದು ಇಂಥ ಹೊತ್ತಿಗಾಗಿಯೇ. ಆದರೆ ಅದನ್ನು ಕಾರು ಹೊಸದಿರುವ ಮೊದಲ ಕೆಲವು ವರ್ಷಗಳಿಗೆ ಮಾತ್ರ ಕೊಡುತ್ತಾರೆ. ಎಷ್ಟು ವರ್ಷ ಎಂದು ಮೊದಲೇ ಕೇಳಿ. ಸವಕಳಿ ರಹಿತ ವಿಮೆಯನ್ನಂತೂ ಬಿಡಲೇಬೇಡಿ. ಅದಿಲ್ಲದಿದ್ದರೆ ರಬ್ಬರು, ಪ್ಲಾಸ್ಟಿಕ್ ಬಿಡಿಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮ ಜೇಬಿನದು. ಇಂಥ ಕಾರಿನ ಮುಂಭಾಗದಲ್ಲಿ ಪ್ಲಾಸ್ಟಿಕ್ ಬಿಟ್ಟರೆ ಬೇರೇನಿದೆ?

ಸಂಬಳದ ಮನೆಗೂ ಬೇಸಾಯದ ಮನೆಗೂ ಕಂತಿನ ಭಾರ ಒಂದೇ ಅಲ್ಲ. ಯಳಂದೂರು, ಕೊಳ್ಳೇಗಾಲದ ಸುತ್ತ ರೇಷ್ಮೆ ಮಾಡುವ ಮನೆಗಳಲ್ಲಿ ಹುಳು ಗೂಡು ಕಟ್ಟಲು ನಾಲ್ಕು ವಾರ ಬೇಕು. ಗೂಡಿನ ರೇಟು ಮಾರುಕಟ್ಟೆಗೆ ಹೋದ ದಿನವೇ ತಿಳಿಯುವುದು. ಸುಣ್ಣಕಟ್ಟು ರೋಗ ಬಂದರೆ ಬೆಳೆಯೇ ಇಲ್ಲ. ಅರಿಸಿನಕ್ಕೆ ಎಂಟೊಂಬತ್ತು ತಿಂಗಳು, ಕಬ್ಬಿಗೆ ವರ್ಷ, ಆಮೇಲೆ ಕಾರ್ಖಾನೆಯ ಬಿಲ್ಲಿಗೆ ಕಾಯಬೇಕು. ಕಂತಿನ ತಾರೀಖು ಮಾತ್ರ ಐದು ಅಂದರೆ ಐದೇ. ಮಗನ ಕಾರಿಗೆ ಅಪ್ಪನ ಪಹಣಿ ಅಡವಿಡುವ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ. ಈ ವಿಷಯದಲ್ಲಿ ನನ್ನ ಬಳಿ ಎರಡನೇ ಅಭಿಪ್ರಾಯ ಇಲ್ಲ.

ಪಾಂಡಿಚೇರಿ ನಂಬರಿನ ಜಾಣತನ

'ಪಾಂಡಿಚೇರಿಯಂಥ ಹೊರಗಿನ ಕಡೆ ರಿಜಿಸ್ಟರ್ ಮಾಡಿಸಿದರೆ ಹತ್ತು ಲಕ್ಷ ಉಳಿಯುತ್ತದೆ' ಎಂದು ಹೇಳಿಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಬೇರೆ ರಾಜ್ಯದ ವಾಹನವನ್ನು ಇಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆದು ಇಲ್ಲಿನ ತೆರಿಗೆ ಕಟ್ಟಬೇಕು, ಅದು ಕಾನೂನು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಕಾರ್ಯಾಚರಣೆ ನಡೆಸಿ ಫೆರಾರಿ, ಪೋರ್ಷೆಯೂ ಸೇರಿದಂತೆ ಸುಮಾರು 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನಂಬರಿನ ಒಂದು ಫೆರಾರಿಯ ಮಾಲೀಕರು ದಂಡ ಸೇರಿ 1 ಕೋಟಿ 41 ಲಕ್ಷಕ್ಕೂ ಹೆಚ್ಚು ತೆರಿಗೆಯನ್ನು ಒಂದೇ ಏಟಿಗೆ ಕಟ್ಟಬೇಕಾಯಿತು. ಬೆಂಗಳೂರಿನಂಥ ಊರಿನಲ್ಲೇ ಹುಡುಕಿ ಹಿಡಿದವರಿಗೆ ಕೊಳ್ಳೇಗಾಲದ ಬಸ್ ನಿಲ್ದಾಣದ ಮುಂದೆ ನಿಂತ ಒಂದೇ ಒಂದು ಕೆಂಪು ಕಾರು ಕಾಣಿಸದೆ ಇರುತ್ತದೆಯೇ?

ಇದೇ ಜಾಡಿನ ಇನ್ನೊಂದು ಆಕರ್ಷಣೆ ದೆಹಲಿಯ ಹಳೇ ಕಾರು. ಅಲ್ಲಿ ಡೀಸೆಲ್ ಕಾರಿಗೆ 10 ವರ್ಷ, ಪೆಟ್ರೋಲ್ ಕಾರಿಗೆ 15 ವರ್ಷದ ಗಡುವಿನ ಭಯದಿಂದ ಆಡಿ, ಬಿಎಂಡಬ್ಲ್ಯು ಕಾರುಗಳು ಹೊಸ ಸ್ವಿಫ್ಟ್ ಬೆಲೆಗೆ ಸಿಗುತ್ತ ಬಂದಿವೆ. ಕೊಳ್ಳುವ ಬೆಲೆ ಸ್ವಿಫ್ಟಿನದು ನಿಜ, ರಿಪೇರಿಯ ಬಿಲ್ಲು ಮಾತ್ರ ಬಿಎಂಡಬ್ಲ್ಯುವಿನದೇ. ಕೊಳ್ಳಲೇಬೇಕು ಎಂದಿದ್ದರೆ ದಾಖಲೆ ನೋಡಿ: ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28; ಹೆಸರು ಬದಲಾವಣೆಗೆ 29 ಮತ್ತು 30; ಸಾಲ ತೀರಿದ್ದಕ್ಕೆ 35. ಪರಿವಾಹನ್ ಜಾಲತಾಣದಲ್ಲಿ ನಂಬರು ಹಾಕಿ ಸಾಲ, ಬಾಕಿ ದಂಡ ಇವೆಯೇ ಎಂದು ನೀವೇ ನೋಡಿಕೊಳ್ಳಿ, ದಲ್ಲಾಳಿಯ ಮೊಬೈಲಿನಲ್ಲಿ ತೋರಿಸಿದ ಚಿತ್ರ ನಂಬಬೇಡಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಕಾರಿನ ಜಖಂಗೆ ದುಡ್ಡು ಸಿಗುವುದು ಕಷ್ಟ. ಹಳೇ ಆಮದು ಕಾರಾದರೆ ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಅದು ಹೊಂದುತ್ತದೆಯೇ, ಯಾವ ಆಕ್ಟೇನ್ ಬೇಡುತ್ತದೆ ಎಂದು ಕೈಪಿಡಿಯಲ್ಲಿ ನೋಡಬೇಕು. ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವ ದುಬಾರಿ ಪೆಟ್ರೋಲು ಹನೂರಿನ ಬಂಕಿನಲ್ಲೂ ಸಿಗುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ರಸ್ತೆಯ ಮಾತು

ದುಡ್ಡಿದ್ದವರಿಗೂ ಬಗೆಹರಿಯದ ಸಮಸ್ಯೆ ರಸ್ತೆ. ಸ್ಪೋರ್ಟ್ಸ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಸಾಮಾನ್ಯವಾಗಿ 11ರಿಂದ 13 ಸೆಂಟಿಮೀಟರ್ ಅಂತರ. ಸ್ವಿಫ್ಟಿನಲ್ಲಿ ಅದು 16. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದಂತೆ ರಸ್ತೆಯುಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗೆ ಕಟ್ಟಿದ್ದರೆ ಯಾವ ಕಾರಾದರೂ ನಿಧಾನವಾಗಿ ಹತ್ತಿ ಇಳಿಯುತ್ತದೆ. ನಮ್ಮ ಹಳ್ಳಿಗಳ ಹಂಪ್ಸ್ ಕಥೆ ನಿಮಗೇ ಗೊತ್ತು. ಒಂದು ಅಪಘಾತವಾಗಿ ಊರವರು ರಸ್ತೆ ತಡೆದರೆ ಮಾರನೇ ದಿನ ಒಂದಡಿ ಅಗಲದ ಕಾಂಕ್ರೀಟಿನ ದಿಬ್ಬ ಎದ್ದಿರುತ್ತದೆ. ಬಣ್ಣವಿಲ್ಲ, ಫಲಕವಿಲ್ಲ. ಕೆಲವು ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂತಿ ಮೇಲೇಳುವ ವ್ಯವಸ್ಥೆ ಇದೆ. ಆದರೆ ಊರೂರಿಗೂ ಎದ್ದ ಇಂಥ ದಿಬ್ಬಗಳ ಮುಂದೆ ಎಷ್ಟು ಸಲ ಗುಂಡಿ ಒತ್ತುತ್ತೀರಿ?

ಇಂಥ ಕಾರಿನ ಟೈರುಗಳ ಪಕ್ಕದ ರಬ್ಬರು ಎರಡು ಮೂರು ಬೆರಳಿನಷ್ಟೇ. ಒಂದು ಗುಂಡಿಗೆ ಬಿದ್ದರೆ ಟೈರು ಒಡೆದು ರಿಮ್ಮು ಸೊಟ್ಟಗಾಗುತ್ತದೆ. ಟೈರು ಮಾತ್ರ ಹಾಳಾದರೆ ಸಾಮಾನ್ಯ ವಿಮೆ ಒಂದು ಪೈಸೆ ಕೊಡುವುದಿಲ್ಲ, ಅದಕ್ಕೂ ಬೇರೆ ವಿಮೆ. ಹೊಸ ಟೈರು ಕೊಳ್ಳೇಗಾಲದಲ್ಲಿ ಸಿಗದು. ಬೆಂಗಳೂರಿನ ಶೋರೂಮಿನವರು ಚಪ್ಪಟೆ ಹಲಗೆಯ ಲಾರಿ ಕಳಿಸಿ ಕಾರನ್ನು ಸುಮಾರು 140 ಕಿಲೋಮೀಟರ್ ಹೊತ್ತುಕೊಂಡು ಹೋಗಬೇಕು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಎಳೆಸುವ ನಮ್ಮ ಪದ್ಧತಿ ಇದಕ್ಕೆ ನಡೆಯುವುದಿಲ್ಲ.

ಸುಗ್ಗಿಯ ಕಾಲದ ಇನ್ನೊಂದು ಅಪಾಯವನ್ನು ಯಾವ ಕಾರಿನ ಕೈಪಿಡಿಯೂ ಹೇಳುವುದಿಲ್ಲ. ಹುರುಳಿ, ರಾಗಿಯನ್ನು ಈ ಸೀಮೆಯಲ್ಲಿ ಇನ್ನೂ ಡಾಂಬರು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿಯ ಬಳ್ಳಿ ಚಕ್ರಕ್ಕೆ, ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಕಾದ ಸೈಲೆನ್ಸರ್ ಕೊಳವೆಗೆ ಒಣ ಹುಲ್ಲು ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕಾರಿನ ಹೊಟ್ಟೆ ತಗ್ಗಾದಷ್ಟೂ ಅಪಾಯ ಹೆಚ್ಚು. ಒಕ್ಕಣೆ ಕಂಡರೆ ಪಕ್ಕದ ಮಣ್ಣಿಗೆ ಇಳಿದು ಹೋಗೋಣ ಎಂದರೆ, ಈ ಕಾರು ಮಣ್ಣಿಗೆ ಇಳಿಯುವುದೇ ಇಲ್ಲ.

ಇನ್ನು ವೇಗ. ಹನೂರು, ಕೌದಳ್ಳಿ, ತಾಳಬೆಟ್ಟದ ಮೂಲಕ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರಸ್ತೆಯನ್ನು ನೋಡಿದರೆ ಯಾವ ಕಾರು ಪ್ರಿಯನಿಗಾದರೂ ಕೈ ತುರಿಸುತ್ತದೆ. ತಿರುವಿನ ಮೇಲೆ ತಿರುವು. ಆದರೆ ಅಲ್ಲಿ ಶಿವರಾತ್ರಿ, ಯುಗಾದಿ, ಅಮಾವಾಸ್ಯೆ ಎಂದು ತಲೆಯ ಮೇಲೆ ಗಂಟು ಹೊತ್ತು ಕಾಲ್ನಡಿಗೆಯಲ್ಲಿ ಬರುವ ಭಕ್ತರಿದ್ದಾರೆ, ಎರಡೂ ಬದಿ ಅಭಯಾರಣ್ಯದ ಕಾಡಿದೆ. ಯಳಂದೂರಿನಿಂದ ಗುಂಬಳ್ಳಿ ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತುವ ರಸ್ತೆಯಂತೂ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಹೋಗುತ್ತದೆ. ತಿರುವಿನಾಚೆ ಆನೆ ನಿಂತಿರಬಹುದು ಎಂಬ ಜಾಗದಲ್ಲಿ ಐನೂರು ಅಶ್ವಶಕ್ತಿ ಇಟ್ಟುಕೊಂಡು ಏನು ಮಾಡುವುದು? ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಣ್ಣು ಕಂಡದ್ದು ಕಾಲಿಗೆ ತಿಳಿಯುವ ಒಂದು ಸೆಕೆಂಡಿನಲ್ಲೇ ಕಾರು 28 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದು ನಿಲ್ಲಲು ಇನ್ನೂ ನಲವತ್ತು ಮೀಟರ್ ಬೇಕು. ರಾತ್ರಿ ಹಿಂದೀಪವಿಲ್ಲದೆ ಕಬ್ಬು ತುಂಬಿಕೊಂಡು ಹೋಗುವ ಟ್ರ್ಯಾಕ್ಟರು ಕಾಣುವುದು ಅದಕ್ಕಿಂತ ಹತ್ತಿರದಲ್ಲಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅದರಲ್ಲಿ ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಸತ್ತ ಪ್ರತಿ ಮೂವರಲ್ಲಿ ಇಬ್ಬರು 18ರಿಂದ 45ರೊಳಗಿನವರು. ಕರ್ನಾಟಕದಲ್ಲಿ 2024ರ ಆಗಸ್ಟ್ 1ರಿಂದ 130 ಕಿಲೋಮೀಟರ್ ವೇಗ ಮೀರಿದರೆ ದಂಡದ ಚೀಟಿಗೆ ಮುಗಿಯುವುದಿಲ್ಲ, ಎಫ್‌ಐಆರ್ ದಾಖಲಾಗುತ್ತದೆ. ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಬಂದಾಗ ಇದರ ಬಿಸಿ ತಟ್ಟುತ್ತದೆ.

ಸೈಲೆನ್ಸರ್ ಬದಲಾಯಿಸಿ ಸದ್ದು ಹೆಚ್ಚಿಸುವ ಚಪಲ ಇದ್ದವರಿಗೆ ಒಂದು ಮಾತು: ವಾಹನದ ಮೂಲ ರೂಪ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ. ಹದಿನೆಂಟು ತುಂಬದ ತಮ್ಮನಿಗೆ 'ಒಂದು ರೌಂಡ್ ಹೋಗಿ ಬಾ' ಎಂದು ಕೀಲಿ ಕೊಟ್ಟರೆ ಮಾಲೀಕನಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಒಂದು ವರ್ಷ ವಾಹನದ ನೋಂದಣಿ ರದ್ದು. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸೇ ಇಲ್ಲ.

ಕಾರಿನ ಮಾತು ದೂರ ಎನ್ನುವ ಬೈಕಿನ ಹುಡುಗರಿಗೂ ಲೆಕ್ಕ ಇದೇ, ಸೊನ್ನೆ ಒಂದು ಕಡಿಮೆ ಅಷ್ಟೆ. 350 ಸಿಸಿ ಮೀರಿದ ಬೈಕಿಗೂ ಜಿಎಸ್‌ಟಿ ಶೇ 40, ಲಕ್ಷ ಮೀರಿದ ಬೈಕಿಗೆ ರಾಜ್ಯದ ತೆರಿಗೆ ಶೇ 18 ಮತ್ತು ಸೆಸ್. ಅಷ್ಟೆಲ್ಲ ಕೊಟ್ಟು ತಂದ ಮೇಲೆ ನಮ್ಮ ಕಡೆಯ ಅತ್ಯುತ್ತಮ ರಸ್ತೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಅದನ್ನು ಬಿಡುವುದೇ ಇಲ್ಲ. 2023ರ ಆಗಸ್ಟ್ 1ರಿಂದ ಅಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧ.

ಹಾಗಾದರೆ ಯಾರು ಕೊಳ್ಳಬಹುದು?

ಸ್ವಂತ ದುಡಿಮೆಯ ದುಡ್ಡು, ಸಾಲವಿಲ್ಲ ಅಥವಾ ಕಂತು ಕೈಗೆ ಬರುವ ಸಂಬಳದ ಹತ್ತನೇ ಒಂದು ಭಾಗ ಮೀರದು. ಮನೆಯವರೆಲ್ಲರಿಗೂ ಆರೋಗ್ಯ ವಿಮೆ ಇದೆ. ಒಂದು ವರ್ಷ ಕೆಲಸ ಹೋದರೂ ಮನೆ ನಡೆಯುತ್ತದೆ. ಅಪ್ಪ ಅಮ್ಮನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಲು ನಾಲ್ಕು ಬಾಗಿಲಿನ ಬೇರೆ ಕಾರು ಇದೆ. ಬೆಂಗಳೂರಿನಲ್ಲಿ ಬೀಗ ಹಾಕುವ ಗ್ಯಾರೇಜು ಇದೆ. ಇಷ್ಟಿದ್ದರೆ ಇಪ್ಪತ್ತೈದಾದರೇನು, ಧಾರಾಳವಾಗಿ ಕೊಳ್ಳಲಿ. ಅಂಥವರನ್ನು ದುಂದುಗಾರ ಎನ್ನುವುದು ಹೊಟ್ಟೆಕಿಚ್ಚಿನ ಮಾತು. ಒಂದು ಖರ್ಚನ್ನು ಮಾತ್ರ ಅವರೂ ಲೆಕ್ಕಕ್ಕೆ ಹಿಡಿಯಬೇಕು. ಊರಿನಲ್ಲಿ ಕಾರು ನಿಂತ ಕೂಡಲೇ 'ಯಾರ ಮಗನ್ಲಾ ಅದು?' ಎಂಬ ಪ್ರಶ್ನೆ ಏಳುತ್ತದೆ, ಅದರ ಬೆನ್ನಿಗೇ ಕೈಸಾಲ ಕೇಳುವ ನೆಂಟರು ಬರುತ್ತಾರೆ. ಕಂತಿನ ಕಾರು ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಕಾರನ್ನೇ ದುಡಿಮೆಗೆ ಹಚ್ಚಿದವರ ದಾರಿ ಬೇರೆ. ಬೆಂಗಳೂರಿನ ಕ್ಷೌರಿಕ ರಮೇಶ್ ಬಾಬು ಇಪ್ಪತ್ತರ ಆಸುಪಾಸಿನಲ್ಲಿ, 1993ರಲ್ಲಿ, ಮಾರುತಿ ಓಮ್ನಿ ಕೊಂಡರು. ಕಂತು ಕಟ್ಟುವುದು ಭಾರವಾದಾಗ ಅದನ್ನು ಬಾಡಿಗೆಗೆ ಬಿಟ್ಟರು. 2004ರಲ್ಲಿ ಮರ್ಸಿಡಿಸ್, 2011ರಲ್ಲಿ ಮೂರು ಕೋಟಿಯ ರೋಲ್ಸ್ ರಾಯ್ಸ್ ಘೋಸ್ಟ್ ಬಂತು. ಕತ್ತರಿ ಕೈಬಿಡಲಿಲ್ಲ. ಗಮನಿಸಬೇಕಾದ್ದು ರೋಲ್ಸ್ ರಾಯ್ಸ್ ಅಲ್ಲ, ಓಮ್ನಿಗೂ ಅದಕ್ಕೂ ನಡುವಿನ ಹದಿನೆಂಟು ವರ್ಷ, ಮತ್ತು ಎಲ್ಲ ಕಾರೂ ಬಾಡಿಗೆ ತಂದಿತು ಎಂಬುದು. ಹನೂರಿನ ಹುಡುಗನಿಗೆ ಬೆಟ್ಟದ ಯಾತ್ರಿಕರಿದ್ದಾರೆ. ಹಳದಿ ಬೋರ್ಡಿನ ಒಂದು ಏಳು ಸೀಟಿನ ಗಾಡಿ ದುಡಿದು ಕೊಡುವುದನ್ನು ಎರಡು ಸೀಟಿನ ಕಾರು ಕೊಡಲಾರದು.

ಬರೀ ಓಡಿಸುವ ಖುಷಿ ಬೇಕು ಎನ್ನುವವರಿಗೆ 20 ಲಕ್ಷದೊಳಗೇ ದಾರಿ ಇದೆ. ಫೋಕ್ಸ್‌ವ್ಯಾಗನ್ ವರ್ಟಸ್ ಕಾರಿನ 1.5 ಲೀಟರ್ ಟರ್ಬೊ ಎಂಜಿನ್ 150 ಅಶ್ವಶಕ್ತಿ ಕೊಡುತ್ತದೆ, ನೆಲದಿಂದ ಎತ್ತರ ಸುಮಾರು 18 ಸೆಂಟಿಮೀಟರ್. ನಮ್ಮ ಹಂಪ್ಸ್ ದಾಟುತ್ತದೆ, ಐದು ಜನ ಕೂರುತ್ತಾರೆ, ಡಿಕ್ಕಿಯಲ್ಲಿ ಅಕ್ಕಿ ಮೂಟೆಯೂ ಹಿಡಿಯುತ್ತದೆ. ಇದೊಂದೇ ಎಂದಲ್ಲ, ಈ ವರ್ಗದಲ್ಲಿ ಆಯ್ಕೆಗಳು ಇನ್ನೂ ಇವೆ.

ಶುದ್ಧ ವೇಗವೇ ಬೇಕಾದರೆ ಅದಕ್ಕೆ ರೇಸ್ ಟ್ರ್ಯಾಕೇ ಸರಿ, ಅಲ್ಲಿಗೆ ಹೋಗಲು ಕೊಳ್ಳೇಗಾಲದ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 948 ಹಿಡಿಯಿರಿ. ಯಳಂದೂರು, ಚಾಮರಾಜನಗರ, ಹಾಸನೂರು, ದಿಂಬಂ ಘಾಟಿಯ 27 ತಿರುವು ಇಳಿದರೆ ಅದು ಕೊಯಮತ್ತೂರಿಗೆ ಮುಟ್ಟಿಸುತ್ತದೆ. ಊರಾಚೆಯ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟರ್ ಸ್ಪೀಡ್‌ವೇ ಇದೆ, ದೇಶದ ಹಲವು ರೇಸ್ ಚಾಲಕರು ತರಬೇತಾದ ಜಾಗ. ತರಬೇತಿ ಶಿಬಿರ ನಡೆಯುವ ದಿನ ಮೊದಲೇ ವಿಚಾರಿಸಿ ಹೆಸರು ಕೊಡಿ. ಎದುರಿಗೆ ಟ್ರ್ಯಾಕ್ಟರು ಬಾರದ, ಆಂಬುಲೆನ್ಸ್ ಸಿದ್ಧವಿರುವ ಜಾಗದಲ್ಲಿ ಕಲಿಯುವ ಒಂದು ದಿನ ಹೆದ್ದಾರಿಯ ಹತ್ತು ವರ್ಷದಲ್ಲಿ ಸಿಗದು. ದಿಂಬಂನಲ್ಲಿ 2022ರಿಂದ ರಾತ್ರಿ ಸಂಚಾರ ನಿರ್ಬಂಧವಿದೆ, ಬೆಳಕಿರುವಾಗಲೇ ಹೋಗಿ ಬನ್ನಿ.

ಇಷ್ಟೆಲ್ಲ ಓದಿಯೂ ಆಸೆ ಇಳಿಯದಿದ್ದರೆ ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಬೆಂಗಳೂರಿನಲ್ಲಿ ಸ್ವಂತ ಚಾಲನೆಗೆ ಐಷಾರಾಮಿ ಕಾರು ಬಾಡಿಗೆ ಕೊಡುವವರಿದ್ದಾರೆ. ಕಪ್ಪು ಫಲಕದಲ್ಲಿ ಹಳದಿ ಅಕ್ಷರ ಇರುವ ಕಾರನ್ನೇ ಕೇಳಿ. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಪಡೆದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. ಕರಾರು ಪತ್ರದಲ್ಲಿ ಟೈರು, ರಿಮ್ಮು, ಕೆಳಭಾಗದ ಗೀರಿಗೆ ಯಾರು ಹೊಣೆ ಎಂಬ ಸಾಲನ್ನು ಓದಿಯೇ ಸಹಿ ಹಾಕಿ. ನೈಸ್ ರಸ್ತೆಯಲ್ಲಿ ಸುತ್ತಾಡಿ ವಾಪಸು ಕೊಡಬೇಡಿ. ಅದರಲ್ಲೇ ಊರಿಗೆ ಬನ್ನಿ, ನಿಮ್ಮ ಮನೆಯ ಬೀದಿಯವರೆಗೆ ತನ್ನಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಲ ಸಂತೆಗೆ ಹೋಗಿ ಬನ್ನಿ. ಹೊಟ್ಟೆ ಉಜ್ಜದೆ ಅದು ಹಿಂದಿರುಗಿದರೆ, ಕೊಳ್ಳುವ ಮಾತನ್ನು ಆಮೇಲೆ ಆಡೋಣ.